ರಕ್ತ ಕಡಿಮಿ ಇದ್ದ ಮಗಳಿಗೆ ಮಟನ್: ಎಷ್ಟು, ಯಾವ ಭಾಗ, ಯಾಕ

ಚಿಂಚೋಳಿ ಅಣ್ಣಾರೆ, ಪಿಯುಸಿ ಓದೋ ಮಗಳ ಹಿಮೋಗ್ಲೋಬಿನ್ 9 ಬಂದದ, ಡಾಕ್ಟರ್ ಕಬ್ಬಿಣದ ಗುಳಿಗಿ ಬರದು ಮಟನ್ ತಿನಸ್ರಿ ಅಂದಾರ, ಮನ್ಯಾಗ ಹಿರಿಯರು ಉಷ್ಣ ಅಂತಾರ, ವಾಟ್ಸ್ಆ್ಯಪ್‌ನಾಗ ಕ್ಯಾನ್ಸರ್ ಅಂತ ಬಂದದ ಅಂತ ಬರದೀರಿ. ಭೇಜಾ (ಆಡಿನ ಮೆದುಳು) ತಿಂದ್ರ ಬುದ್ಧಿ ಚುರುಕಾಗ್ತದೇನು ಅಂತನೂ ಕೇಳೀರಿ. ಜರಾ ಉದ್ದ ಬರೀತೀನಿ. ಆಡಿನ ತೂಕದ ಲೆಕ್ಕ ಆಡು-ಕುರಿ ಸಾಕೋರ ಈ ಗುಂಪಿನಾಗ ದಿನಾ ನಡೀತದ, ಮನ್ಯಾಗಿನ ಹೆಣ್ಮಕ್ಕಳ ರಕ್ತದ ಲೆಕ್ಕ ಯಾರೂ ತೆಗಿಯಂಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳಾಗ ನೂರಕ್ಕ 47.8 ಮಂದಿಗೆ ರಕ್ತ ಕಡಿಮಿ ಅದ.

ಮೊದಲ ಮಾತು, ಗುಳಿಗಿ ಬಿಡಸಬ್ಯಾಡ್ರಿ. 9ಕ್ಕ ಇಳಿದ ರಕ್ತ ಬರೀ ಮಟನ್ನಿಂದ ಮ್ಯಾಲ ಬರಂಗಿಲ್ಲ. ಸರಕಾರಿ ದವಾಖಾನಿ ಗುಳಿಗಿ ಒಂದರಾಗ 60 ಮಿಲಿಗ್ರಾಂ ಕಬ್ಬಿಣ ಇರ್ತದ, ಎಲುಬಿಲ್ಲದ 100 ಗ್ರಾಂ ಆಡಿನ ಖಂಡದಾಗ ಸುಮಾರು 3 ಮಿಲಿಗ್ರಾಂ. ಹೊಲದಾಗ ಬರಿಗಾಲಲೆ ಅಡ್ಡಾಡೋ ಮಕ್ಕಳಿಗೆ ಕೊಕ್ಕೆಹುಳದಿಂದನೂ ರಕ್ತ ಹೋಗ್ತದ, ಅದಕ್ಕ ಜಂತಿನ ಗುಳಿಗಿ ಬಗ್ಗೆನೂ ಡಾಕ್ಟರಿಗೆ ಕೇಳ್ರಿ.

ಹಂಗಾದ್ರ ಮಟನ್ ಯಾಕ ಅಂತೀರಿ? ಜ್ವಾಳದಾಗೂ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣ ಅದ, ತೊಗರಿಬ್ಯಾಳ್ಯಾಗೂ ಹೆಚ್ಚುಕಡಿಮಿ ಅಷ್ಟೇ. ಲೆಕ್ಕಕ್ಕ ಮಟನ್ನಿಗಿಂತ ಜಾಸ್ತಿನೇ. ಆದ್ರ ಕಾಳು-ಬ್ಯಾಳ್ಯಾಗ ಫೈಟೇಟ್ ಅನ್ನೋದು ಇರ್ತದ, ಅದು ಕಬ್ಬಿಣವನ್ನ ಹೊಟ್ಟ್ಯಾಗೇ ಹಿಡಕೊಂಡು ಕೂಡ್ತದ. ಅಂಥ ಊಟದಾಗಿನ ಕಬ್ಬಿಣ ನೂರಕ್ಕ ಐದ್ಹತ್ತು ಪಾಲು ರಕ್ತಕ್ಕ ಸೇರಿದ್ರ ಅದೇ ದೊಡ್ಡದು. ಕೆಂಪು ಮಾಂಸದ ಕಬ್ಬಿಣದಾಗ ಅರ್ಧದಷ್ಟು ‘ಹೀಮ್’ ಅನ್ನೋ ರೂಪದಾಗ ಇರ್ತದ. ಅದಕ್ಕ ಫೈಟೇಟಿನ ಕಾಟ ಇಲ್ಲ, ನೂರಕ್ಕ 15ರಿಂದ 35ರ ತನ ಒಳಗ ಹೋಗ್ತದ. ಇನ್ನೊಂದು ಲಾಭ ಭಾಳ ಮಂದಿಗೆ ಗೊತ್ತಿಲ್ಲ: ಅದೇ ಊಟದಾಗ ರೊಟ್ಟಿ-ಬ್ಯಾಳಿ ಇದ್ರ, ಅವುಗಳ ಕಬ್ಬಿಣನೂ ಹೆಚ್ಚಿಗಿ ಹೀರೋ ಹಂಗ ಮಾಂಸ ಮಾಡ್ತದ. ಅದಕ್ಕ ಐತಾರ ಒಮ್ಮೆ ಹೊಟ್ಟಿ ಬಿರಿಯೋ ಹಂಗ ತಿನ್ನೋದಕ್ಕಿಂತ, ಅದೇ ಮಟನ್ ವಾರದಾಗ ಮೂರು ಸಲ ರೊಟ್ಟಿ ಜೋಡಿ 50-60 ಗ್ರಾಂ ತಿಂದ್ರ ಗುಣ ಜಾಸ್ತಿ. ಮ್ಯಾಲ ಲಿಂಬಿಕಾಯಿ ಹಿಂಡ್ರಿ. ಊಟದ ಹಿಂದ-ಮುಂದ ಒಂದು ತಾಸು ಚಹಾ ಬ್ಯಾಡ.

ಈಗ ಮೆದುಳಿನ ಮಾತು. ಇಲ್ಲಿ ಮುಖ್ಯ ವಿಟಮಿನ್ ಬಿ12. ನರದ ಮ್ಯಾಲಿನ ಹೊದಿಕಿ ಗಟ್ಟಿ ಇರಬೇಕಂದ್ರ ಇದು ಬೇಕು. ಕಡಿಮಿಯಾದ್ರ ಕೈಕಾಲು ಜುಮುಜುಮು ಅಂತಾವ, ಮರವು ಬರ್ತದ, ರಕ್ತನೂ ಇಳೀತದ. ಕಾಳು-ಕಾಯಿಪಲ್ಯದಾಗ ಇದು ಇಲ್ಲ. ಆಡು-ಕುರಿ ಹೊಟ್ಟ್ಯಾಗಿನ ಸೂಕ್ಷ್ಮಜೀವಿಗಳು ಮೇವಿನಾಗಿನ ಕೋಬಾಲ್ಟ್ ಅನ್ನೋ ಖನಿಜ ಹಿಡಿದು ಬಿ12 ತಯಾರು ಮಾಡ್ತಾವ, ಅದು ಖಂಡಕ್ಕೂ ಹಾಲಿಗೂ ಬರ್ತದ. ಕೋಬಾಲ್ಟ್ ಸಾಲದ ಕುರಿ ಮೇವು ಬಿಟ್ಟು ಸೊರಗೋದು ಇದಕ್ಕೇ. ಮೇವಿಗೆ ಖನಿಜ ಮಿಶ್ರಣ ಹಾಕ್ರಿ ಅಂತ ನಾ ಪದೇ ಪದೇ ಹೇಳೋ ಕಾರಣದಾಗ ಇದೂ ಒಂದು.

ಕೀನ್ಯಾ ದೇಶದ ಎಂಬು ಜಿಲ್ಲಾದಾಗ 1998ರಿಂದ 2000ರ ತನ ಸಾಲಿ ಮಕ್ಕಳ ಮ್ಯಾಲ ಒಂದು ಅಭ್ಯಾಸ ನಡೀತು. ಅಲ್ಲಿ ಗಿತೇರಿ ಅಂತ ಮೆಕ್ಕೆಜೋಳ-ಕಾಳಿನ ಊಟ, ನಮ್ಮ ರೊಟ್ಟಿ-ಬ್ಯಾಳಿಯಂಥದ್ದೇ. ಕೆಲವು ಸಾಲ್ಯಾಗ ಅದಕ್ಕ ಮಾಂಸ ಸೇರಿಸಿದ್ರು, ಕೆಲವು ಕಡೆ ಹಾಲು, ಕೆಲವು ಕಡೆ ಬರೀ ಎಣ್ಣಿ. ಬುದ್ಧಿ ಪರೀಕ್ಷಾದಾಗ ಮಾಂಸ ತಿಂದ ಮಕ್ಕಳು ಹೆಚ್ಚು ಮುಂದ ಬಂದ್ರು, ಆಟದ ಬಯಲಾಗೂ ಅವರೇ ಚಟುವಟಿಕಿ. ಮಾಂಸ, ಹಾಲು ಎರಡೂ ಗುಂಪಿನಾಗ ಬಿ12 ಏರಿತು. ಅಂದ್ರ ಮಟನ್ ತಿನ್ನದ ಮನಿಯವರು ಮಕ್ಕಳಿಗೆ ದಿನಾ ಹಾಲು-ಮಸರು ತಪ್ಪಸಬಾರದು. ತತ್ತಿ ನಡೀತಿದ್ರ ಇನ್ನೂ ಛಲೋ.

ಭೇಜಾ ತಿಂದ್ರ ಭೇಜಾ ಬೆಳಿಯಂಗಿಲ್ರಿ. ಅದರಾಗ ಕೊಲೆಸ್ಟ್ರಾಲ್ ಭಾಳ, ಅಪರೂಪಕ್ಕ ಸಾಕು. ಪಾಯಾ (ಕಾಲಿನ) ಸೂಪ್ ಕುಡದ್ರ ರಕ್ತ ಏರ್ತದ ಅನ್ನೋದೂ ಖರೆ ಅಲ್ಲ, ಎಲುಬಿನ ನೀರಾಗ ಕಬ್ಬಿಣ ಕಡಿಮಿ. ರಕ್ತಕ್ಕ ಬೇಕಾದದ್ದು ಕಲೇಜಿ, ಅಂದ್ರ ಲಿವರ್. 100 ಗ್ರಾಂಗೆ ಸುಮಾರು 7 ಮಿಲಿಗ್ರಾಂ ಕಬ್ಬಿಣ, ಬಿ12 ಅಂತೂ ಖಂಡಕ್ಕಿಂತ ಎಷ್ಟೋ ಪಟ್ಟು. ಮಗಳಿಗೆ ವಾರಕ್ಕೊಮ್ಮೆ 50 ಗ್ರಾಂ ಕಲೇಜಿ ಕೊಡ್ರಿ. ಆದ್ರ ಬಸುರಿ ಹೆಣ್ಮಕ್ಕಳಿಗೆ ಕಲೇಜಿ ಬ್ಯಾಡೇ ಬ್ಯಾಡ, ಅದರಾಗಿನ ವಿಟಮಿನ್ ಎ ಹೆಚ್ಚಾದ್ರ ಕೂಸಿಗೆ ಅಪಾಯ. ಅವರಿಗೆ ಖಂಡ ಕೊಡ್ರಿ. ಆರು ತಿಂಗಳು ತುಂಬಿದ ಕೂಸಿಗೂ ಖೀಮಾ ಮೆತ್ತಗ ಬೇಯಿಸಿ, ಅರದು, ಖಾರ-ಉಪ್ಪು ಇಲ್ಲದೆ ಒಂದೆರಡು ಚಮಚ ಕೊಡಬಹುದು. ಆ ವಯಸ್ಸಿನಾಗ ಮೆದುಳು ಬೆಳಿಯೋ ವೇಗ ಜಾಸ್ತಿ, ತಾಯಿ ಹಾಲಿನ ಕಬ್ಬಿಣ ಅದಕ್ಕ ಸಾಲಂಗಿಲ್ಲ.

ಕ್ಯಾನ್ಸರ್ ಸುದ್ದಿ ಪೂರಾ ಸುಳ್ಳಲ್ಲ. 2015ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾಸೇಜಿನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರ್ತದ ಅಂತ ಖಚಿತ ಹೇಳ್ತು, ಕೆಂಪು ಮಾಂಸ ತರೋ ಸಂಭವ ಅದ ಅಂತು. ಅದಕ್ಕೇ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಬೇಯಿಸಿದ ಕೆಂಪು ಮಾಂಸ ವಾರಕ್ಕ 350ರಿಂದ 500 ಗ್ರಾಂ ದಾಟಬಾರದು ಅಂತದ. ನಾ ಹೇಳಿದ್ದು ಅದಕ್ಕಿಂತ ಎಷ್ಟೋ ಕೆಳಗ. ಕೆಂಡದ ಮ್ಯಾಲ ಕರ್ರಗ ಸುಡಬ್ಯಾಡ್ರಿ, ಚರಬಿ ತಗದು ಹಾಕ್ರಿ. ಕಿಡ್ನಿ ತೊಂದ್ರಿ, ಯೂರಿಕ್ ಆಸಿಡ್ ಇದ್ದವರು ಡಾಕ್ಟರಿಗೆ ಕೇಳೇ ತಿನ್ನಬೇಕು. ಉಷ್ಣದ ಅಂಜಿಕಿ ಇದ್ರ ಬ್ಯಾಸಗ್ಯಾಗ ಖಾರ-ಎಣ್ಣಿ ಇಳಿಸ್ರಿ, ಮಜ್ಜಿಗಿ ಕುಡಸ್ರಿ.

ಒಂದು ಮಾತು ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಕಡಿ ಗಂಡಸರು ಮೊದಲು ಉಣ್ತಾರ, ಕಲೇಜಿ ಅವರ ತಾಟಿಗೆ ಹೋಗ್ತದ, ಹೆಣ್ಮಕ್ಕಳಿಗೆ ಉಳಿಯೋದು ರಸ. ತಿಂಗಳಾ ರಕ್ತ ಕಳಕೊಳ್ಳೋರು ಅವರು. ದಿನಕ್ಕ ಹೆಣ್ಮಕ್ಕಳಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಾಗೇ ಹೇಳ್ಯದ. ಪಾವ್ ಕಿಲೋ ತಂದ್ರೂ ಆತು, ಮಗಳ ಪಾಲು, ಆಕಿ ಅವ್ವನ ಪಾಲು ಮೊದಲೇ ತಗದಿಡ್ರಿ.

ಒಂದು ತಿಂಗಳು ಗುಳಿಗಿ, ಊಟ ಎರಡೂ ನಡಸಿ ಹಿಮೋಗ್ಲೋಬಿನ್ ಮತ್ತ ತೋರಸ್ರಿ, ಜೋಡಿ ಬಿ12 ಪರೀಕ್ಷಾನೂ ಮಾಡಸಬೇಕೇನು ಅಂತ ಡಾಕ್ಟರಿಗೆ ಕೇಳ್ರಿ. ಆಕಿ ಅವ್ವಂದೂ ಅದೇ ದಿನ ತೋರಿಸಿಬಿಡ್ರಿ.