ಚಿಕ್ಕಮ್ಮನ ಗಂಟಲುನೋವಿನಿಂದಲೇ ಶುರುಮಾಡಿ

ನಮಸ್ಕಾರ ಮೇಡಂ,

ಸೋರಿಯಾಸಿಸ್ ಎಂಬ ಚರ್ಮರೋಗದ ಬಗ್ಗೆ ನೀವು ಬರೆದ ‘ರಕ್ತದಲ್ಲೇ ಬಂದದ್ದು’ ಲೇಖನ ಕೈಸೇರಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಮಲ್ಲೇಶ್ವರದ ಮನೆಯಲ್ಲಿ ನಿಮ್ಮ ಚಿಕ್ಕಮ್ಮ ಎಲ್ಲರಿಗಿಂತ ಮೊದಲೇ ಎದ್ದು, ಹಾಸಿಗೆ ಮೇಲೆ ಉದುರಿದ ಹುರುಪೆಯನ್ನು ಮೋಟು ಪೊರಕೆಯಿಂದ ಗುಡಿಸಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ ಎಸೆಯುತ್ತಿದ್ದರು ಎಂದು ಬರೆದಿದ್ದೀರಿ. ಆ ನಾಲ್ಕು ಸಾಲಿನಲ್ಲಿ ರೋಗವೂ ಇದೆ, ಅದನ್ನು ಮುಚ್ಚಿಡುವ ಸಂಕಟವೂ ಇದೆ. ಅಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ತೊಂದರೆ ಇರುವುದು ಅದರ ಮುಂದಿನ ಪ್ಯಾರಾದಲ್ಲಿ. ‘ಈ ಜೀನ್ ಇದ್ದವರಿಗೆ ಸೋರಿಯಾಸಿಸ್ ತಪ್ಪಿದ್ದಲ್ಲ’ ಅಂದಿದ್ದೀರಿ. ಇದು ತಪ್ಪು. ನೀವು ಹೆಸರಿಸಿದ, ರೋಗನಿರೋಧಕ ವ್ಯವಸ್ಥೆಯ ಜೀನ್ ಒಂದರ ಎಚ್‌ಎಲ್‌ಎ-ಸಿ 06:02 ರೂಪಕ್ಕೆ ಈ ರೋಗದ ಜೊತೆ ಎಲ್ಲಕ್ಕಿಂತ ಬಲವಾದ ನಂಟಿದೆ, ನಿಜ. ಆದರೆ ಅದನ್ನು ಪಡೆದು ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಸೋರಿಯಾಸಿಸ್ ಬರುವುದೇ ಇಲ್ಲ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೆ ಇರುವುದುಂಟು. ನಮ್ಮ ಓದುಗರಲ್ಲಿ ಮಗಳಿಗೆ ಗಂಡು ಹುಡುಕುತ್ತಿರುವವರಿದ್ದಾರೆ. ನಿಮ್ಮ ಈ ಒಂದು ವಾಕ್ಯ ಹಿಡಿದು ಯಾರಾದರೂ ‘ಅವರ ಮನೆತನದಲ್ಲೇ ಇದೆಯಂತೆ’ ಎಂದು ಸಂಬಂಧ ಬಿಟ್ಟರೆ ಅದರ ಪಾಪ ನಿಮಗೂ ನನಗೂ ತಟ್ಟುತ್ತದೆ.

‘ರೋಗನಿರೋಧಕ ಶಕ್ತಿ ಕುಂದಿ’ ಎಂದು ಬರೆದು, ಕೊನೆಗೆ ಅದನ್ನು ಹೆಚ್ಚಿಸಲು ಅಮೃತಬಳ್ಳಿ ಕಷಾಯ ಹೇಳಿದ್ದೀರಿ. ಆ ಭಾಗ ಪೂರ್ತಿ ತೆಗೆಯಿರಿ. ಇಲ್ಲಿ ಶಕ್ತಿ ಕುಂದಿಲ್ಲ, ಕೆರಳಿದೆ. ಐಎಲ್-23 ಎಂಬ ಸಂಕೇತ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಬಡಿದೆಬ್ಬಿಸುತ್ತದೆ. ಅವು ಐಎಲ್-17 ಎಂಬ ಇನ್ನೊಂದು ಸಂಕೇತ ಸುರಿಸುತ್ತವೆ. ಅದರ ಅವಸರಕ್ಕೆ ಚರ್ಮದ ಕೋಶಗಳು ಒಂದರ ಮೇಲೊಂದು ಹುಟ್ಟುತ್ತವೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಸರಿಯಾಗಿ ಬಲಿಯುವ ಮೊದಲೇ ಮೇಲೆ ಬಂದ ಆ ಕೋಶಗಳೇ ಚಿಕ್ಕಮ್ಮ ಗುಡಿಸುತ್ತಿದ್ದ ಹುರುಪೆ. ಪೊರಕೆಯ ಸಾಲಿನ ಪಕ್ಕದಲ್ಲೇ ಇದನ್ನು ಹೇಳಿದರೆ ಓದುಗರಿಗೆ ಬೇರೆ ಪಾಠ ಬೇಕಾಗುವುದಿಲ್ಲ.

‘ಕೆಟ್ಟ ಜೀನ್’ ಎಂಬ ಮಾತು ಏಳು ಸಲ ಬಂದಿದೆ. ಏಳನ್ನೂ ಹೊಡೆದುಹಾಕಿದ್ದೇನೆ. ಐಎಲ್-23ನ್ನು ಹಿಡಿಯುವ ಗ್ರಾಹಿ ಪ್ರೋಟೀನಿನಲ್ಲಿ 381ನೇ ಜಾಗದ ಆರ್ಜಿನೈನ್ ಎಂಬ ಅಮೈನೊ ಆಮ್ಲದ ಬದಲು ಗ್ಲುಟಮೈನ್ ಇದ್ದವರಿಗೆ ಸೋರಿಯಾಸಿಸ್ ಅಪಾಯ ಕಡಿಮೆ. ಅಂದರೆ ಅದೇ ಜೀನ್, ಬೇರೆ ರೂಪದಲ್ಲಿ, ಕಾಪಾಡುತ್ತದೆ. ಸಂಕೇತವನ್ನು ಕೋಶದೊಳಕ್ಕೆ ದಾಟಿಸುವ ಟಿವೈಕೆ2 ಕಿಣ್ವದಲ್ಲೂ ಹೀಗೆ ಕಾಪಾಡುವ ರೂಪಗಳಿವೆ. ಆ ಕಿಣ್ವವನ್ನು ತಡೆಯುವ ಡ್ಯೂಕ್ರಾವಾಸಿಟಿನಿಬ್ ಮಾತ್ರೆಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸೋರಿಯಾಸಿಸ್ ಜೊತೆ ನಂಟಿರುವ ಇಂಥ ಜೀನ್ ತಾಣಗಳು 60ಕ್ಕೂ ಹೆಚ್ಚು ಸಿಕ್ಕಿವೆ, ಬಹುತೇಕ ಒಂದೊಂದರದೂ ಚಿಕ್ಕ ಪಾಲು. ವಿದೇಶದ ಔಷಧಗಳಿಗೆ ಒಂದು ಪುಟ ಕೊಟ್ಟಿದ್ದೀರಲ್ಲ, ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ತಂದ ಇಟೊಲಿಝುಮಾಬ್ ಹೆಸರನ್ನೂ ಸೇರಿಸಿ.

ಇನ್ನು ಮುಖ್ಯ ಮಾತು. ಮೂರನೇ ಪುಟದಲ್ಲಿ, ಆವರಣ ಚಿಹ್ನೆಯೊಳಗೆ, ಚಿಕ್ಕಮ್ಮನಿಗೆ ಹದಿನಾರನೇ ವಯಸ್ಸಿನಲ್ಲಿ ಜ್ವರ, ಗಂಟಲುನೋವು ಬಂದು, ಎರಡು ವಾರದ ಮೇಲೆ ಬೆನ್ನು-ಹೊಟ್ಟೆಯ ಮೇಲೆಲ್ಲ ಹನಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಎದ್ದವು ಎಂದಿದ್ದೀರಿ. ನಿಮ್ಮ ಲೇಖನ ಇರುವುದೇ ಇಲ್ಲಿ! ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಗಂಟಲು ಕೆಟ್ಟ ಬೆನ್ನಿಗೇ ಎಳೆಯರಲ್ಲಿ ಹೀಗೆ ಸೋರಿಯಾಸಿಸ್ ಕಾಣಿಸಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಎಚ್‌ಎಲ್‌ಎ-ಸಿಯ ಆ ರೂಪಕ್ಕೆ ಈ ಹನಿಚುಕ್ಕೆಯ ಬಗೆಯ ಜೊತೆಗಂತೂ ಗಾಢ ನಂಟು. ಹುಟ್ಟಿನಿಂದ ಬಂದದ್ದು ಮೈಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದು, ಒಂದು ಗಂಟಲುನೋವಿಗೆ ಹೇಗೆ ಎಚ್ಚರಗೊಳ್ಳಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಚಿತ್ರಪಟ ತೋರಿಸೀತು? ಆದರೆ ಚಿಕ್ಕಮ್ಮನಿಗೆ ಜೀನ್ ಪರೀಕ್ಷೆ ಮಾಡಿಸಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಅವರಿಗೆ ಆ ರೂಪ ಇತ್ತು ಎಂದು ಮಾತ್ರ ಬರೆಯಬೇಡಿ.

ಸರ್ಪದೋಷವೆಂದು ಅವರನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದೊಯ್ದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ದಿನ ಅವರು ಏನು ಬೇಡಿಕೊಂಡರು, ಕೇಳಿ. ತಿದ್ದಿದ ಮೇಲೆ ಲೇಖನವನ್ನು ಮೊದಲು ಅವರಿಗೆ ಓದಿ ಹೇಳಿ. ಅವರು ಒಪ್ಪಿದರೆ ನನಗೆ ಕಳಿಸಿ.