ಮೊಲ್ಡೋವಾದ ವೈನ್ ದಾರಿ ಬದಲಿಸಿದ್ದು ಹೇಗೆ?

ಸೋವಿಯತ್ ಒಕ್ಕೂಟದಿಂದ ಹೊರಬಂದ ಪುಟ್ಟ ದೇಶಗಳು ಯುರೋಪಿಯನ್ ಒಕ್ಕೂಟದ ಮಾರುಕಟ್ಟೆ ಸೇರಲು ಒಪ್ಪಂದಕ್ಕೆ ಸಹಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನನಗೆ ಇದು ತಲೆಗೆ ಹೋಗಿದ್ದು ರೈಲಿನಲ್ಲಿ.

ಮೊಲ್ಡೋವಾದ ರಾಜಧಾನಿ ಕಿಶಿನೌನಿಂದ ರೊಮೇನಿಯಾದ ಬುಕಾರೆಸ್ಟ್‌ಗೆ ರಾತ್ರಿ ರೈಲು ಹತ್ತಿದ್ದೆ. ಗಡಿಯ ಉಂಗೇನಿಯಲ್ಲಿ ಬೋಗಿಗಳನ್ನು ಬಿಡಿಸಿ ಜಾಕ್ ಹಾಕಿ ಮೇಲೆತ್ತಿದರು. ನಾವೆಲ್ಲ ಒಳಗೇ ಇದ್ದೆವು. ಕೆಳಗಿನ ಗಾಲಿಗಳನ್ನು ತೆಗೆದು ಬೇರೆಯವನ್ನು ಜೋಡಿಸಿದರು, ರೈಲಿಗೆ ಚಪ್ಪಲಿ ಬದಲಿಸಿದ ಹಾಗೆ. ಸೋವಿಯತ್ ಹಳಿಯ ಅಗಲ 1520 ಮಿಲಿಮೀಟರ್, ರೊಮೇನಿಯಾದ್ದು 1435. ನಾಲ್ಕು ಬೆರಳಿನಷ್ಟು ವ್ಯತ್ಯಾಸಕ್ಕೆ ಅರ್ಧ ನಿದ್ದೆ ಹಾಳು.

ವೈನ್ ಕಥೆಯೂ ಹೀಗೇ. ಮೊಲ್ಡೋವಾದ ವೈನ್ ಬಹುಪಾಲು ರಷ್ಯಾಕ್ಕೆ ಹೋಗುತ್ತಿತ್ತು. ಅಲ್ಲಿನವರಿಗೆ ಅರೆಸಿಹಿ ಇಷ್ಟ, ಇವರೂ ಅದನ್ನೇ ಮಾಡುತ್ತಿದ್ದರು. 2006ರ ಮಾರ್ಚ್‌ನಲ್ಲಿ ಕೀಟನಾಶಕ ಇದೆ ಅಂತ ರಷ್ಯಾ ಬಾಗಿಲು ಹಾಕಿತು. 2013ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹಾಕಿತು, ಈ ಸಲ ನೆಪ ಬೇರೆ. ಆಗ ಯುರೋಪಿನ ಜೊತೆ ಒಪ್ಪಂದದ ಮಾತು ಮುಗಿಯುತ್ತಾ ಬಂದಿತ್ತು. ನಿಜವಾದ ಕಾರಣ ಅರ್ಥವಾಯ್ತು ಅಲ್ವಾ? 2014ರ ಜೂನ್ 27ರಂದು ಸಹಿ ಬಿತ್ತು. ಮರುತಿಂಗಳೇ ಸೇಬು, ಪ್ಲಮ್‌ಗೂ ರಷ್ಯಾದ ತಡೆ.

ಯುರೋಪಿನವರು ವೈನ್ ಕೋಟಾವನ್ನು, ಅಂದರೆ ಸುಂಕವಿಲ್ಲದೆ ಇಷ್ಟೇ ಬರಬಹುದು ಅನ್ನೋ ಮಿತಿಯನ್ನು, ಸಹಿಗೂ ಮೊದಲೇ, 2014ರ ಜನವರಿಯಲ್ಲೇ ತೆಗೆದಿದ್ದರು. ಆದರೆ ಅಲ್ಲಿ ಜಾಸ್ತಿ ಕುಡಿಯೋದು ಸಿಹಿ ಇಲ್ಲದ ಡ್ರೈ ವೈನ್. ರುಚಿ ಬದಲಿಸಬೇಕು, ಲೇಬಲ್ ಬದಲಿಸಬೇಕು, ಹೆಸರೇ ಕೇಳದವರಿಗೆ ಮಾರಬೇಕು. ಹೊಸ ಬಳ್ಳಿ ನೆಟ್ಟರೆ ಫಸಲಿಗೆ ಮೂರು ವರ್ಷ ಕಾಯಬೇಕು. ಸುಮ್ನೆ ಆಗುವ ಕೆಲಸ ಅಲ್ಲ. ಕೋಳಿ, ಹಾಲಿನವರ ಪಾಡು ಇನ್ನೂ ಕಷ್ಟ. ಸುಂಕ ಇಳಿದರೂ ಕಸಾಯಿಖಾನೆ, ಲ್ಯಾಬ್ ಎಲ್ಲ ಯುರೋಪಿನ ನಿಯಮಕ್ಕೆ ಬರುವ ತನಕ ಒಳಗೆ ಬಿಡಲ್ಲ. ಅವರು ವರ್ಷಗಟ್ಟಲೆ ಹೊರಗೇ ನಿಂತರು.

ಇನ್ನೊಂದು ದಾರಿ ಬೇರೆಯವರ ಕಾರ್ಖಾನೆ. ಬೆಲ್ಟ್ಸಿ ಊರಿನಲ್ಲಿ ಜರ್ಮನಿಯ ಡ್ರೆಕ್ಸ್‌ಲ್‌ಮಾಯರ್ ಕಂಪನಿ 2007ರಿಂದ ಕಾರಿನ ವೈರಿಂಗ್ ಜೋಡಿಸುತ್ತಿದೆ. ಸಾಮಾನು ಹೊರಗಿಂದ ಬರುತ್ತೆ, ಜೋಡಿಸಿ ಹೊರಗೇ ಕಳಿಸುತ್ತಾರೆ. ರಫ್ತಿನ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತೆ, ಊರಲ್ಲಿ ಉಳಿಯೋದು ಮುಖ್ಯವಾಗಿ ಸಂಬಳ. ಆದರೂ ನಾನು ಇದನ್ನು ತಗ್ಗಿಸಿ ಮಾತಾಡಲ್ಲ. ಈಗ ಮೊಲ್ಡೋವಾದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಯುರೋಪಿಗೇ ಹೋಗುತ್ತದೆ, ಅದರಲ್ಲಿ ಈ ವೈರುಗಳ ಪಾಲೂ ಇದೆ.

ಹೋಗುವುದು ಸರಕು ಮಾತ್ರ ಅಲ್ಲ. ನನ್ನ ಎದುರು ಬರ್ತ್‌ನ ಅಜ್ಜಿ ಇಟಲಿಯಲ್ಲಿ ದುಡಿಯುವ ಮಗಳ ಹತ್ತಿರ ಹೊರಟಿದ್ದರು. ಕಾಲಡಿಯಲ್ಲಿ ಮನೆ ವೈನ್ ತುಂಬಿದ ಪ್ಲಾಸ್ಟಿಕ್ ಬಾಟಲಿ. ಗಾಲಿ ಬದಲಿಸುವಷ್ಟು ಹೊತ್ತೂ ಅದನ್ನು ಎರಡು ಪಾದಗಳ ನಡುವೆ ಬಿಗಿಯಾಗಿ ಹಿಡಿದೇ ಕೂತಿದ್ದರು.