ಶಾಲೆಯಲ್ಲಿ ಹಾವು ಕಚ್ಚಿದರೆ ಮೊದಲು ಇರೋದು ಮೇಷ್ಟ್ರೇ

ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯೊಂದರ ಮುಖ್ಯಶಿಕ್ಷಕರು ಬರೆದಿದ್ದಾರೆ: "ಬರುವ ಶನಿವಾರ ಹಾವು ಕಡಿತದ ಪ್ರಥಮ ಚಿಕಿತ್ಸೆ ತರಬೇತಿಗೆ ನಾನು ಹೋಗಬೇಕಂತೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ, ಈಗ ಇದೂ. ಡಾಕ್ಟರ ಕೆಲಸ ಡಾಕ್ಟರು ಮಾಡಲಿ, ಪಾಠ ನಾವು ಮಾಡುತ್ತೇವೆ. ಇದರ ಬಗ್ಗೆ ದಯವಿಟ್ಟು ಬರೆಯಿರಿ."

ಬರೆಯುತ್ತೇನೆ ಮೇಷ್ಟ್ರೇ. ಆದರೆ ನೀವು ಬಯಸಿದ ಹಾಗೆ ಅಲ್ಲ.

ನಿಮ್ಮ ಹೊರೆ ದೊಡ್ಡದು, ಒಪ್ಪುತ್ತೇನೆ. ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗಳನ್ನು ನಾನೂ ಕಂಡಿದ್ದೇನೆ. ಮೊಟ್ಟೆಯ ಲೆಕ್ಕ ಬೇರೆ ಯಾರಾದರೂ ಬರೆಯಲಿ. ಈ ತರಬೇತಿ ಮಾತ್ರ ಬಿಡಬೇಡಿ.

2019ರ ನವೆಂಬರ್‌ನಲ್ಲಿ ನಮ್ಮ ಗಡಿಯಾಚೆಯ ವಯನಾಡಿನಲ್ಲಿ ನಡೆದದ್ದು ನೆನಪಿದೆಯಾ? ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ, ಐದನೇ ತರಗತಿಯ ಹುಡುಗಿಗೆ ಕ್ಲಾಸಿನೊಳಗೇ ಹಾವು ಕಚ್ಚಿತು. ನೆಲದಲ್ಲಿದ್ದ ಬಿಲದೊಳಗಿತ್ತು ಹಾವು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ ಎಂದು ಜೊತೆಯ ಮಕ್ಕಳೇ ಹೇಳಿದರು. ಆಮೇಲೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ. ಕೋಳಿಕ್ಕೋಡಿನ ದಾರಿಯಲ್ಲಿ ಮಗು ಉಳಿಯಲಿಲ್ಲ. ಶಿಕ್ಷಕರೊಬ್ಬರು ಅಮಾನತಾದರು, ಡಾಕ್ಟರೊಬ್ಬರೂ ಅಮಾನತಾದರು. ಅಷ್ಟಕ್ಕೇ ಎಲ್ಲರ ಸಿಟ್ಟು ಇಳಿಯಿತು. ಆ ಇಬ್ಬರಿಗೂ ಅದಕ್ಕೆ ಮೊದಲು ಯಾರು ಏನು ಕಲಿಸಿದ್ದರು ಎಂದು ಕೇಳಿದವರು ಎಷ್ಟು ಜನ?

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ನಿಮ್ಮ ಶಾಲೆಯ ಸುತ್ತ ಹುಲ್ಲು ಸೊಂಟದವರೆಗೆ ಬೆಳೆಯುವುದೂ ಆಗಲೇ, ಅಲ್ವಾ?

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗೆಳೆಯನೊಬ್ಬನಿಗೆ ಶಾಲೆಯ ಹಿಂದಿನ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತು. ನಮ್ಮ ಮೇಷ್ಟ್ರು ಓಡಿ ಬಂದರು. ಹಳೇ ಸೈಕಲ್ ಟ್ಯೂಬು ತಂದು ಮೊಣಕಾಲಿನ ಮೇಲೆ ಬಿಗಿಯಾಗಿ ಕಟ್ಟಿದರು. ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹರಿಸಿದರು. ಹಾಲಿನ ವ್ಯಾನಿನಲ್ಲಿ ಪೇಟೆ ಮುಟ್ಟಲು ಮೂರು ಗಂಟೆ ಹಿಡಿಯಿತು. ಗೆಳೆಯ ಬದುಕಿದ, ಕಾಲು ಉಳಿಯಲಿಲ್ಲ. ಆ ಮೇಷ್ಟ್ರಷ್ಟು ಒಳ್ಳೆಯವರನ್ನು ನಾನು ನೋಡಿಲ್ಲ. ಅವರಿಗೆ ಗೊತ್ತಿದ್ದದ್ದನ್ನೇ ಮಾಡಿದರು. ಗೊತ್ತಿದ್ದದ್ದೇ ತಪ್ಪಾಗಿತ್ತು. ಬಿಗಿದು ಕಟ್ಟಿದರೆ ರಕ್ತ ಓಡಾಟ ನಿಂತು, ವಿಷ ಒಂದೇ ಕಡೆ ಕೂತು ಮಾಂಸ ಸಾಯುತ್ತದೆ. ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕೊಯ್ದ ಗಾಯದಿಂದ ಸೋರುತ್ತಲೇ ಇರುತ್ತದೆ.

ಸರಿಯಾದದ್ದನ್ನು ಕಲಿಯಲು ಅರ್ಧ ಗಂಟೆ ಸಾಕು. ಮಗುವಿಗೆ ಧೈರ್ಯ ಹೇಳಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಬಳೆ, ಉಂಗುರ, ಗೆಜ್ಜೆ ತೆಗೆಯಿರಿ, ಆಮೇಲೆ ಊತ ಬಂದರೆ ತೆಗೆಯಲು ಆಗುವುದಿಲ್ಲ. ಮೂಳೆ ಮುರಿದಾಗ ಮಾಡುವ ಹಾಗೆ ಒಂದು ಸ್ಕೇಲೋ ಪಟ್ಟಿಯೋ ಇಟ್ಟು ಕಾಲು ಅಲ್ಲಾಡದ ಹಾಗೆ ಸಡಿಲವಾಗಿ ಸುತ್ತಿ. ಸೀದಾ ಆಸ್ಪತ್ರೆಗೆ ಹೊರಡಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕಟ್ಟುಹಾವು ಕಚ್ಚಿದರೆ ಗುರುತೇ ಕಾಣದೆ ಇರಬಹುದು, ನೋವೂ ಇರದೆ ಇರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ ಬೆಳಿಗ್ಗೆ ಹೊಟ್ಟೆನೋವು ಅಂತಾನೆ, ಕಣ್ಣುರೆಪ್ಪೆ ಜೋತು ಬೀಳುತ್ತದೆ. ಮೊದಲನೇ ಪೀರಿಯಡ್‌ನಲ್ಲಿ ಅವನು ತೂಕಡಿಸುತ್ತಿದ್ದಾನೆ ಎಂದು ನೀವು ಗದರಿಸಬಹುದು. ಅದು ನಿದ್ದೆ ಅಲ್ಲ ಎಂದು ಗುರುತಿಸಲು ಡಾಕ್ಟರ್ ಆಗಬೇಕಿಲ್ಲ ಮೇಷ್ಟ್ರೇ.

ಇನ್ನು ಆಸ್ಪತ್ರೆಯವರ ವಿಷಯ. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಹಿರಿಯ ನರ್ಸ್ ಒಬ್ಬರು ನನಗೆ ಒಂದು ಪರೀಕ್ಷೆ ತೋರಿಸಿದರು. ಹೊಸ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಡಬೇಕು. ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನ ಹಾಗೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಯಂತ್ರ ಬೇಡ, ಕರೆಂಟ್ ಬೇಡ. "ಆದರೆ ಸೋಪಿನಿಂದ ತೊಳೆದ ಕೊಳವೆಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಸುಳ್ಳು ಉತ್ತರ ಬರುತ್ತೆ ಸಾರ್, ಅದನ್ನ ನಮಗೆ ಯಾರೂ ಹೇಳಿರಲಿಲ್ಲ," ಎಂದರು. ಆ ಮಾತು ನನ್ನನ್ನು ಈಗಲೂ ಕಾಡುತ್ತದೆ. ಮಗುವಿಗೂ ದೊಡ್ಡವರಿಗೂ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಒಂದೇ ಪ್ರಮಾಣದಲ್ಲಿ ಬೇಕು. ಹಾವು ಮಗು ಎಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ. ಇದನ್ನು ತಿಳಿಯದೆ, ಅಲರ್ಜಿ ಆದೀತು ಎಂದು ಹೆದರಿ, ಔಷಧಿ ಫ್ರಿಜ್ಜಿನಲ್ಲಿದ್ದರೂ ಮುಂದಿನ ಊರಿಗೆ ಕಳಿಸುವವರಿದ್ದಾರೆ. ಅಲರ್ಜಿ ಆದರೆ ಅಡ್ರಿನಲಿನ್ ಕೊಡುವುದನ್ನು ಕೈಹಿಡಿದು ಕಲಿಸಿದ್ದರೆ ಆ ಹೆದರಿಕೆ ಇರುತ್ತಿತ್ತಾ?

ನನ್ನ ಸಿಟ್ಟು ಇರುವುದು ತರಬೇತಿ ನಡೆಸುವವರ ಮೇಲೆ. ತಾಲ್ಲೂಕು ಸಭಾಂಗಣದಲ್ಲಿ ಇನ್ನೂರು ಜನ, ಇಂಗ್ಲಿಷ್ ಸ್ಲೈಡು, ಹಾಜರಿ ಸಹಿ, ಊಟ, ಗ್ರೂಪ್ ಫೋಟೊ. ಒಬ್ಬರ ಕಾಲಿಗೂ ಯಾರೂ ಪಟ್ಟಿ ಕಟ್ಟಿ ನೋಡುವುದಿಲ್ಲ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಮಾಡುವ ಯೋಜನೆ ಬಂತು. ಒಳ್ಳೆಯ ಯೋಚನೆ. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೂ ಒಳ್ಳೆಯದೇ. ಆದರೆ ವರದಿ ಬರೆಯುವ ಕೈಗೆ ಕೆಲಸ ಕಲಿಸದಿದ್ದರೆ ಬರೀ ಕಾಗದ ಜಾಸ್ತಿ ಆಗುತ್ತದೆ. ಆಸ್ಪತ್ರೆ ಕಟ್ಟಡಕ್ಕೆ ಕಲ್ಲು ಹಾಕಿಸಿ ಹೆಸರು ಕೆತ್ತಿಸುತ್ತೇವೆ. ಯಾವ ಮನೆಯಲ್ಲಿ ಮಕ್ಕಳು ನೆಲದ ಮೇಲೆ ಮಲಗುತ್ತಾರೆ, ಯಾವ ಮನೆಯ ಸೌದೆ ರಾಶಿ ಬಾಗಿಲಿಗೇ ಒರಗಿದೆ ಎಂದು ಬಲ್ಲ ಆಶಾ ಕಾರ್ಯಕರ್ತೆಯನ್ನು ಮಾತ್ರ ಒಂದು ಮಾತೂ ಕೇಳುವುದಿಲ್ಲ.

ಶನಿವಾರ ಹೋಗಿ ಮೇಷ್ಟ್ರೇ. ಸ್ಲೈಡು ಮುಗಿದ ಮೇಲೆ ಎದ್ದು ನಿಂತು ಕೇಳಿ: ನಮ್ಮ ಪಿಎಚ್‌ಸಿಯಲ್ಲಿ ಇವತ್ತು ಆ ಇಂಜೆಕ್ಷನ್ ಎಷ್ಟು ವಯಲ್ ಇದೆ, ರಾತ್ರಿ ಬಂದರೆ ಹಾಕುವವರು ಯಾರು? ಕಾಲಿಗೆ ಪಟ್ಟಿ ಕಟ್ಟುವುದನ್ನು ನನ್ನ ಕೈಯಲ್ಲೇ ಮಾಡಿಸಿ ಎನ್ನಿ. ಅವರು ಏನು ಹೇಳಿದರು ಎಂದು ನನಗೆ ಬರೆಯಿರಿ, ಹಾಗೆಯೇ ಅಚ್ಚು ಹಾಕುತ್ತೇನೆ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ, ಕ್ಲಾಸಿನ ಗೋಡೆ ಬುಡದಲ್ಲಿ ಬಿಲ ಇದೆಯಾ ನೋಡಿ, ಸಿಮೆಂಟು ತುಂಬಿಸಿಬಿಡಿ.

– ಸಂಪಾದಕ